ಪ್ರವಾಸ ಪ್ರಶ್ನೋತ್ತರ: ಮಿಷಿಗನ್ ಸರೋವರದ ಪೂರ್ವ ದಂಡೆಯ ಊರುಗಳು, ಮರಳುದಿಬ್ಬಗಳು

ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದಲೂ ಬೇಸಿಗೆಯಲ್ಲಿ ಮಕ್ಕಳ ಮನೆಗೆ ಹೊರಟಿರುವ ಹಿರಿಯರಿಂದಲೂ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದಾರಿಯ ಕುರಿತಾಗಿವೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಮಿಷಿಗನ್ ಸರೋವರದ ಪೂರ್ವ ದಂಡೆಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ಆರು ಮಂದಿ ಗೆಳೆಯರು ಜುಲೈನಲ್ಲಿ ಒಂದು ವಾರ ರಜೆ ಹಾಕಿ, ಶಿಕಾಗೊದಿಂದ ಹೊರಟು ದಂಡೆಗುಂಟ ಮ್ಯಾಕಿನಾ ಸೇತುವೆಯವರೆಗೆ ಹೋಗಿಬರಬೇಕೆಂದಿದ್ದೇವೆ. ನಮ್ಮ ಪಟ್ಟಿಯಲ್ಲಿ ಹದಿನಾಲ್ಕು ಊರುಗಳಿವೆ. ಪ್ರತಿ ರಾತ್ರಿ ಒಂದು ಹೊಸ ಊರಿನಲ್ಲಿ ತಂಗಿದರೆ ಎಲ್ಲವನ್ನೂ ನೋಡಬಹುದೇ?

ಉತ್ತರ: ನೋಡಬಹುದು, ಆದರೆ ಹೆಚ್ಚಿನದನ್ನು ಕಾರಿನ ಕಿಟಕಿಯಿಂದ ನೋಡಬೇಕಾಗುತ್ತದೆ. ಪಟ್ಟಿಯ ಅರ್ಧದಷ್ಟು ಊರುಗಳನ್ನು ಮೊದಲು ಹೊಡೆದುಹಾಕಿ. ಮ್ಯಾಕಿನಾವನ್ನೂ ಸೇರಿಸಿಕೊಂಡೇ ಈ ಮಾತು ಹೇಳುತ್ತಿದ್ದೇನೆ. ಸರೋವರ ದಕ್ಷಿಣದಿಂದ ಉತ್ತರಕ್ಕೆ ಸುಮಾರು 494 ಕಿ.ಮೀ. ಉದ್ದವಿದೆ. ಉತ್ತರದ ತುದಿಯಿಂದ ಶಿಕಾಗೊಗೆ ಮರಳುವ ಹಾದಿ ಆರುನೂರು ಕಿ.ಮೀ. ಆಸುಪಾಸಿನದು, ಅಂದರೆ ಏಳು ದಿನಗಳಲ್ಲಿ ಒಂದು ದಿನ ಬರಿಯ ಹೆದ್ದಾರಿಗೆ ಹೋಗುತ್ತದೆ. 1957ರಲ್ಲಿ ಸಂಚಾರಕ್ಕೆ ತೆರೆದ, ಎಂಟು ಕಿ.ಮೀ. ಉದ್ದದ ಆ ಸೇತುವೆಯೂ, 1898ರಿಂದ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಮ್ಯಾಕಿನಾ ದ್ವೀಪವೂ ನೋಡತಕ್ಕವೇ ಹೌದು. ಆದರೆ ಅವು ಬೇರೆಯೇ ಒಂದು ಪ್ರವಾಸವನ್ನು ಕೇಳುತ್ತವೆ.

ನನ್ನ ಸಲಹೆ ಮೂರು ತಂಗುದಾಣಗಳದು. ಮೊದಲ ದಿನ ಬೆಳಿಗ್ಗೆ ಶಿಕಾಗೊದಿಂದ ಸುಮಾರು 80 ಕಿ.ಮೀ. ದೂರದ ಇಂಡಿಯಾನಾ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನವನ್ನು ನೋಡಿಕೊಂಡು, ಸಂಜೆಗೆ ಸಾಗಟಕ್ ಸೇರಿ ಅಲ್ಲಿ ಎರಡು ರಾತ್ರಿ ಇರಿ. ಕಲಾಮಜೂ ನದಿ ಸರೋವರವನ್ನು ಸೇರುವಲ್ಲಿರುವ ಈ ಪುಟ್ಟ ಊರಿನಲ್ಲಿ ಕೈಯಿಂದ ಸರಪಳಿ ಸುತ್ತಿ ನಡೆಸುವ ದೋಣಿಯೊಂದು ಇಂದಿಗೂ ಜನರನ್ನು ನದಿ ದಾಟಿಸುತ್ತದೆ. ದಾಟಿದ ಮೇಲೆ ಮುನ್ನೂರರಷ್ಟು ಮೆಟ್ಟಿಲು ಹತ್ತಿದರೆ ಮೌಂಟ್ ಬಾಲ್ಡ್‌ಹೆಡ್ ಎಂಬ ದಿಬ್ಬದ ನೆತ್ತಿ ಸಿಗುತ್ತದೆ. ಡಚ್ ವಲಸಿಗರು 1847ರಲ್ಲಿ ಕಟ್ಟಿದ ಹಾಲೆಂಡ್ ಊರನ್ನೂ, ಕೆಂಪು ದೀಪಸ್ತಂಭಗಳ ಗ್ರ್ಯಾಂಡ್ ಹೇವನನ್ನೂ ಅಲ್ಲಿಂದಲೇ ನೋಡಿಬರಬಹುದು. ಹಾಲೆಂಡಿನ ಟ್ಯೂಲಿಪ್ ಹೂಗಳು ಮೇ ತಿಂಗಳಿಗೇ ಮುಗಿದಿರುತ್ತವೆ. ಜುಲೈನಲ್ಲಿ ಅವನ್ನು ಅರಸಿಕೊಂಡು ಹೋಗಬೇಡಿ. ಆಮೇಲೆ ಲಡಿಂಗ್ಟನ್‌ನಲ್ಲಿ ಎರಡು ರಾತ್ರಿ. ಉಳಿದ ರಾತ್ರಿಗಳನ್ನು ಉತ್ತರದ ಎಂಪೈರ್, ಗ್ಲೆನ್ ಆರ್ಬರ್, ಲೀಲೆಂಡ್ ಸುತ್ತಮುತ್ತ ಎಲ್ಲಾದರೂ ಕಳೆಯಿರಿ. ಮ್ಯಾನಿಸ್ಟೀಯಿಂದ ಹೊರಟು ಲೀಲನಾ ಪರ್ಯಾಯದ್ವೀಪವನ್ನು ಬಳಸಿ ಟ್ರ್ಯಾವರ್ಸ್ ಸಿಟಿಯ ಬಳಿಗೆ ಬರುವ ಎಂ-22 ರಸ್ತೆ ಸುಮಾರು 187 ಕಿ.ಮೀ. ಉದ್ದದ್ದು. ಈ ಪ್ರವಾಸದಲ್ಲಿ ನಿಧಾನವಾಗಿ ಓಡಿಸಲೇಬೇಕಾದ ರಸ್ತೆ ಯಾವುದೆಂದು ಕೇಳಿದರೆ ನಾನು ಇದೊಂದನ್ನೇ ಹೆಸರಿಸುತ್ತೇನೆ.

ದಿನವನ್ನು ಊರುಗಳ ಲೆಕ್ಕದಲ್ಲಿ ಹಂಚಿಕೊಳ್ಳುವುದಕ್ಕಿಂತ ಬಿಸಿಲು ಮತ್ತು ಗಾಳಿಯ ಲೆಕ್ಕದಲ್ಲಿ ಹಂಚಿಕೊಳ್ಳುವುದು ಲೇಸು. ದಿಬ್ಬ ಹತ್ತುವುದಕ್ಕೆ ಬೆಳಗಿನ ಹೊತ್ತು, ಊರು ಸುತ್ತುವುದಕ್ಕೆ ಮಧ್ಯಾಹ್ನ, ನೀರಿನ ದಡಕ್ಕೆ ಸಂಜೆ. ಇಂಡಿಯಾನಾ ಡ್ಯೂನ್ಸ್ ಇರುವ ಪ್ರದೇಶ ಶಿಕಾಗೊದ ವೇಳೆಯನ್ನೇ ಅನುಸರಿಸುತ್ತದೆ. ಅಲ್ಲಿಂದ ಮುಂದೆ ಮಿಷಿಗನ್ ರಾಜ್ಯದ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಮೊದಲ ದಿನ ಕೈಬಿಟ್ಟ ಆ ಒಂದು ಗಂಟೆಗೆ ಪ್ರತಿಯಾಗಿ ಮಿಷಿಗನ್ ದಂಡೆಯಲ್ಲಿ ಜುಲೈ ತಿಂಗಳಿಡೀ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ನಂತರ. ಸಂಜೆ ಆರಕ್ಕೆ ಊಟ ಮುಗಿಸಿ ದಡಕ್ಕೆ ಹೋದರೂ ಮೂರು ಗಂಟೆಗಳ ಬೆಳಕು ಉಳಿದಿರುತ್ತದೆ.

ಎರಡು ಕಾರುಗಳ ಬದಲು ಆರು ಮಂದಿಗೂ ಸಾಕಾಗುವ ಒಂದೇ ವ್ಯಾನ್ ಬಾಡಿಗೆಗೆ ಪಡೆಯಿರಿ. ಉದ್ಯಾನಗಳಲ್ಲಿ ಶುಲ್ಕ ವಿಧಿಸುವುದು ವಾಹನದ ಲೆಕ್ಕದಲ್ಲಿ, ಜುಲೈನ ವಾರಾಂತ್ಯಗಳಲ್ಲಿ ನಿಲುಗಡೆಯ ಜಾಗ ಬೆಳಿಗ್ಗೆಯೇ ತುಂಬಿಹೋಗುತ್ತದೆ. ಯಾರು ಯಾರು ಓಡಿಸುವಿರೋ ಅವರೆಲ್ಲರ ಹೆಸರೂ ಬಾಡಿಗೆಯ ಕರಾರಿನಲ್ಲಿ ಇರಬೇಕು. ಹೆಸರಿಲ್ಲದವರು ಚಕ್ರ ಹಿಡಿದಾಗ ಅಪಘಾತವಾದರೆ ವಿಮೆಯ ರಕ್ಷಣೆ ತಪ್ಪಿಹೋಗಬಹುದು. ಇಪ್ಪತ್ತೈದು ತುಂಬದವರಿಗೆ ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ ಹೆಚ್ಚುವರಿ ಹಣ ಕೇಳುತ್ತವೆ.

ಪ್ರಶ್ನೆ: ಮರುಭೂಮಿಯೂ ಇಲ್ಲದ, ಸಮುದ್ರವೂ ಇಲ್ಲದ ಕಡೆ ಇಷ್ಟೊಂದು ಮರಳು ಎಲ್ಲಿಂದ ಬಂತು? ಎದುರು ದಡದ ಮಿಲ್ವಾಕಿಯಲ್ಲಿರುವ ನಮಗೆ ಇಂಥ ದಿಬ್ಬಗಳು ಏಕೆ ಕಾಣುವುದಿಲ್ಲ?

ಉತ್ತರ: ಮರಳು ಹಿಮನದಿಗಳು ಬಿಟ್ಟುಹೋದ ಆಸ್ತಿ. ಕಳೆದ ಹಿಮಯುಗದಲ್ಲಿ ಉತ್ತರದಿಂದ ಸರಿದುಬಂದ ಮಂಜಿನ ಹಾಳೆಗಳು ಬಂಡೆಗಳನ್ನು ಅರೆದು ಕಲ್ಲು, ಗರಸು, ಮರಳು, ಜೇಡಿಗಳನ್ನು ಒಟ್ಟಾಗಿ ಹೊತ್ತುತಂದವು. ಮಂಜು ಕರಗಿ ಹಿಂದೆ ಸರಿದಾಗ ಆ ರಾಶಿಗಳು ದಂಡೆಯ ಗುಡ್ಡಗಳಾಗಿ ನಿಂತವು. ಸರೋವರದ ಅಲೆಗಳು ಈ ಗುಡ್ಡಗಳ ಬುಡವನ್ನು ಕೊರೆದು ಮರಳನ್ನು ದಡಕ್ಕೆ ಹರಡಿದವು. ಆ ಮೇಲಿನ ಕೆಲಸ ಗಾಳಿಯದು. ಇಲ್ಲಿ ಹೆಚ್ಚಾಗಿ ಬೀಸುವುದು ಪಶ್ಚಿಮದ ಗಾಳಿ. ಕಣದಲ್ಲಿ ರಾಶಿ ತೂರುವಾಗ ಹೊಟ್ಟು ಹಾರಿ ಕಾಳು ಉಳಿಯುವಂತೆ, ಹಗುರಾದ ಮರಳು ಗಾಳಿಯೊಡನೆ ಒಳನಾಡಿಗೆ ಹಾರುತ್ತದೆ, ಭಾರದ ಗರಸು ದಡದಲ್ಲೇ ಉಳಿಯುತ್ತದೆ. ನೂರು ಕಿಲೋಮೀಟರಿಗೂ ಮಿಕ್ಕಿದ ಬಯಲು ನೀರಿನ ಮೇಲೆ ತಡೆಯಿಲ್ಲದೆ ಓಡಿಬಂದ ಗಾಳಿ ಪೂರ್ವ ದಡವನ್ನು ಮುಟ್ಟುವುದರಿಂದ ದೊಡ್ಡ ದಿಬ್ಬಗಳೆಲ್ಲ ಅಲ್ಲಿಯೇ ಬೆಳೆದಿವೆ. ಮಿಲ್ವಾಕಿಯಲ್ಲಿ ಅದೇ ಗಾಳಿ ನೆಲದ ಕಡೆಯಿಂದ ನೀರಿನತ್ತ ಬೀಸುತ್ತದೆ. ಸಿಹಿನೀರಿನ ದಂಡೆಯಲ್ಲಿ ಇಷ್ಟು ವಿಸ್ತಾರವಾದ ಮರಳುದಿಬ್ಬಗಳ ಸಾಲು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ಉತ್ತರದಲ್ಲಿ ಎಂಪೈರ್, ಗ್ಲೆನ್ ಆರ್ಬರ್ ಊರುಗಳ ಬಳಿಯಿರುವ ಸ್ಲೀಪಿಂಗ್ ಬೇರ್ ದಿಬ್ಬಗಳದು ಇನ್ನೊಂದು ಬಗೆ. ಅಲ್ಲಿ ಹಿಮನದಿ ಬಿಟ್ಟುಹೋದ ಎತ್ತರದ ಗುಡ್ಡದ ನೆತ್ತಿಯ ಮೇಲೆ ಮರಳು ಕುಳಿತಿದೆ. ನೀರಿನಿಂದ ಸುಮಾರು 137 ಮೀಟರ್ ಮೇಲೆ ನಿಂತು ನೋಡುವಾಗ ಕಾಲ ಕೆಳಗಿನ ಇಳಿಜಾರೆಲ್ಲ ಮರಳೇ ಎಂದು ಅನಿಸಿದರೂ, ಅದರ ಒಡಲು ಹಿಮನದಿಯ ಕಲ್ಲುಮಣ್ಣು.

ದಿಬ್ಬ ಒಂದೆಡೆ ನಿಲ್ಲುವ ವಸ್ತುವಲ್ಲ ಎಂಬುದನ್ನು ಪ್ರವಾಸಿಗರು ಬೇಗ ಮರೆಯುತ್ತಾರೆ. ಅದನ್ನು ಹಿಡಿದು ನಿಲ್ಲಿಸುವುದು ಮ್ಯಾರಮ್ ಎಂಬ ಹುಲ್ಲಿನ ಬೇರುಜಾಲ ಮತ್ತು ಅದರ ಹಿಂದೆ ಬೆಳೆಯುವ ಮರಗಳು. ಶಿಕಾಗೊ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಹೆನ್ರಿ ಕೌಲ್ಸ್ 1890ರ ದಶಕದಲ್ಲಿ ಇಂಡಿಯಾನಾದ ಈ ದಿಬ್ಬಗಳಲ್ಲಿ ನೀರಿನ ಅಂಚಿನಿಂದ ಒಳಗೆ ನಡೆಯುತ್ತ ಹೋದಂತೆ ಮೊದಲು ಹುಲ್ಲು, ಆಮೇಲೆ ಪೊದೆ, ಪೈನ್, ಕೊನೆಗೆ ಓಕ್ ಕಾಡು ಬರುವ ಕ್ರಮವನ್ನು ಗುರುತಿಸಿದರು. ಒಂದು ಜಾಗದಲ್ಲಿ ಕಾಲಕ್ರಮದಲ್ಲಿ ನಡೆಯುವ ಸಸ್ಯಗಳ ಬದಲಾವಣೆಯನ್ನು ಇಲ್ಲಿ ಒಂದೇ ನಡಿಗೆಯಲ್ಲಿ ಓದಬಹುದೆಂದು ತೋರಿಸಿದ ಅವರ ಅಧ್ಯಯನ ಪರಿಸರ ವಿಜ್ಞಾನದ ಅಡಿಗಲ್ಲುಗಳಲ್ಲಿ ಒಂದಾಯಿತು.

ಮರಗಳನ್ನು ಕಡಿದರೆ ಏನಾಗುತ್ತದೆ ಎಂಬುದಕ್ಕೆ ಸಾಗಟಕ್ ಬಳಿಯೇ ಸಾಕ್ಷಿಯಿದೆ. ಅಲ್ಲಿ ನದಿಯ ಬಾಯಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸಿಂಗಪುರ ಎಂಬ ಹೆಸರಿನ ಊರೊಂದಿತ್ತು. ಮರ ಕೊಯ್ಯುವ ಗಿರಣಿಗಳೇ ಅದರ ಜೀವನ. 1871ರ ಅಕ್ಟೋಬರಿನಲ್ಲಿ ಶಿಕಾಗೊ, ಹಾಲೆಂಡ್, ವಿಸ್ಕಾನ್ಸಿನ್ನಿನ ಪೆಷ್ಟಿಗೊ ಊರುಗಳು ಬೆಂಕಿಗೆ ಆಹುತಿಯಾದಾಗ ಮರುನಿರ್ಮಾಣಕ್ಕೆ ಮರದ ಬೇಡಿಕೆ ಏರಿ, ಸುತ್ತಲಿನ ಕಾಡು ಬರಿದಾಯಿತು. ತಡೆಯಿಲ್ಲದ ಮರಳು ಕೆಲವೇ ವರ್ಷಗಳಲ್ಲಿ ಊರನ್ನು ನುಂಗಿತು. ಇಂದು ಅಲ್ಲಿ ಮರಳುದಿಬ್ಬಗಳಷ್ಟೇ ಇವೆ, ಊರಿನ ನೆನಪಿಗೆ ಸಾಗಟಕ್‌ನಲ್ಲಿ ಒಂದು ಫಲಕವಿದೆ. ಇದಕ್ಕೆ ತದ್ವಿರುದ್ಧವಾದದ್ದು ಇಂಡಿಯಾನಾದ ಮಿಷಿಗನ್ ಸಿಟಿಯ ಕತೆ. ಅಲ್ಲಿ ಸುಮಾರು 60 ಮೀಟರ್ ಎತ್ತರವಿದ್ದ ಹೂಸಿಯರ್ ಸ್ಲೈಡ್ ಎಂಬ ದಿಬ್ಬವನ್ನು ಗಾಜಿನ ಕಾರ್ಖಾನೆಗಳಿಗಾಗಿ ರೈಲು ಗಾಡಿಗಳಲ್ಲಿ ತುಂಬಿ ಸಾಗಿಸಿ, 1920ರ ಹೊತ್ತಿಗೆ ಪೂರ್ತಿ ನೆಲಸಮ ಮಾಡಿದ್ದರು. ಊರನ್ನು ದಿಬ್ಬ ತಿಂದದ್ದೂ ದಿಬ್ಬವನ್ನು ಊರು ತಿಂದದ್ದೂ ಅರ್ಧ ದಿನದ ದಾರಿಯೊಳಗೇ ಇವೆ. ಸಮುದ್ರದಡದ ಊರುಗಳಂತೆ ಇವನ್ನು ಬರಿಯ ವಿಹಾರಧಾಮಗಳೆಂದು ನೋಡುವವರಿಗೆ ಇದು ಕಾಣದೆ ಹೋಗುತ್ತದೆಂಬುದು ನನ್ನ ಕೊರಗು.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಇಬ್ಬರಿಗೆ ಈಜು ಬರುವುದಿಲ್ಲ. ಕೆರೆಯ ನೀರೇ ತಾನೇ, ಸೊಂಟದ ಮಟ್ಟಕ್ಕೆ ಇಳಿದರೆ ತೊಂದರೆಯಿಲ್ಲ ಎಂದು ಉಳಿದವರು ಹೇಳುತ್ತಾರೆ. ತಾವು ಏನೆನ್ನುತ್ತೀರಿ?

ಉತ್ತರ: ಅದನ್ನು ಕೆರೆ ಎಂದು ಭಾವಿಸುವುದರಲ್ಲೇ ಅಪಾಯ ಶುರುವಾಗುತ್ತದೆ. ಸುಮಾರು 58,000 ಚದರ ಕಿ.ಮೀ. ಹರವಿನ, ಅತ್ಯಂತ ಆಳದ ಜಾಗದಲ್ಲಿ 281 ಮೀಟರ್ ಇಳಿಯುವ ಈ ನೀರಿಗೆ ಗಾಳಿ ಎದ್ದರೆ ಸಮುದ್ರದ ಸ್ವಭಾವವೇ ಬರುತ್ತದೆ. ಸಮುದ್ರದ ಅಲೆಗಳಿಗಿಂತ ಇಲ್ಲಿಯ ಅಲೆಗಳು ಒಂದರ ಬೆನ್ನಿಗೆ ಒಂದು ಬೇಗ ಬೇಗ ಬರುವುದರಿಂದ ಬಿದ್ದವನಿಗೆ ಸಾವರಿಸಿಕೊಳ್ಳಲು ಬಿಡುವು ಸಿಗುವುದಿಲ್ಲ. ಉಪ್ಪಿಲ್ಲದ ನೀರಿನಲ್ಲಿ ದೇಹ ತೇಲುವುದೂ ತುಸು ಕಡಿಮೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾದದ್ದು ಬಂದರಿನ ಬಾಯಿಯಲ್ಲಿ ನೀರಿನೊಳಕ್ಕೆ ಚಾಚಿರುವ ಕಾಂಕ್ರೀಟು ಕಟ್ಟೆಗಳ ಬಳಿ. ದಡಕ್ಕೆ ಅಪ್ಪಳಿಸಿದ ನೀರು ಈ ಕಟ್ಟೆಯನ್ನು ಒರಸಿಕೊಂಡು ಆಳದತ್ತ ಮರಳುವಾಗ ಬಲವಾದ ಸೆಳೆತ ಹುಟ್ಟುತ್ತದೆ. ನುರಿತ ಈಜುಗಾರರೂ ಇದರ ಎದುರು ಸೋತಿದ್ದಾರೆ. ಕಟ್ಟೆಯ ಮೇಲೆ ನಡೆಯುವವರನ್ನೂ ಅಲೆ ಕೊಚ್ಚಿಕೊಂಡು ಹೋದದ್ದುಂಟು. ಗ್ರ್ಯಾಂಡ್ ಹೇವನ್‌ನ ಕಟ್ಟೆಯ ಮೇಲೆ, ದೀಪಸ್ತಂಭದವರೆಗೂ ಎತ್ತರದಲ್ಲಿ ಸಾಗುವ ಕಬ್ಬಿಣದ ನಡೆಹಾದಿಯೊಂದನ್ನು ನೀವು ನೋಡುತ್ತೀರಿ. ಎಲ್ಲರೂ ಅದರ ಫೋಟೊ ತೆಗೆಯುತ್ತಾರೆ. ಅದನ್ನು ಕಟ್ಟಿದ್ದು ಬಿರುಗಾಳಿಯ ರಾತ್ರಿಗಳಲ್ಲಿ ಕಟ್ಟೆಯ ಮೇಲೆ ಹೆಜ್ಜೆಯಿಡಲಾಗದ ದೀಪಪಾಲಕರು ಜೀವ ಉಳಿಸಿಕೊಂಡು ದೀಪದ ಬಳಿಗೆ ಹೋಗಲೆಂದು.

ದಡದಲ್ಲಿ ಹಾರಿಸುವ ಬಾವುಟಗಳನ್ನು ನೋಡಿ: ಹಸಿರಿದ್ದರೆ ಸಾಮಾನ್ಯ ಎಚ್ಚರ ಸಾಕು, ಹಳದಿಯಿದ್ದರೆ ಈಜು ಬಾರದವರು ದಡದಲ್ಲಿರಲಿ, ಕೆಂಪಿದ್ದರೆ ಯಾರೂ ಇಳಿಯಬಾರದು, ಜೋಡಿ ಕೆಂಪು ಬಾವುಟವಿದ್ದರೆ ನೀರಿಗೆ ಪ್ರವೇಶವೇ ಇಲ್ಲ. ಬಹುತೇಕ ಕಡೆಗಳಲ್ಲಿ ಜೀವರಕ್ಷಕ ಸಿಬ್ಬಂದಿ ಇರುವುದಿಲ್ಲವಾದ್ದರಿಂದ ಬಾವುಟವೊಂದೇ ನಿಮಗೆ ಸಿಗುವ ಸೂಚನೆ. ಬೆಳಿಗ್ಗೆ ಹೊರಡುವ ಮುನ್ನ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಕಡಲತೀರ ಮುನ್ಸೂಚನೆಯನ್ನೂ ಓದಿ. ಸೆಳೆತಕ್ಕೆ ಸಿಕ್ಕಿದರೆ ದಡದತ್ತ ಹೋರಾಡದೆ ಅಂಗಾತ ತಿರುಗಿ ತೇಲಬೇಕು, ಉಸಿರು ಸುಧಾರಿಸಿಕೊಂಡು ಸೆಳೆತ ಯಾವ ದಿಕ್ಕಿಗಿದೆಯೆಂದು ಗಮನಿಸಿ ಅದರಿಂದ ಪಕ್ಕಕ್ಕೆ ಸರಿಯಬೇಕು.

ಗಾಳಿ ಪೂರ್ವದಿಂದ ಬೀಸುವ ದಿನಗಳ ಬಗ್ಗೆ ಯಾರೂ ಹೇಳುವುದಿಲ್ಲ. ಅಂದು ದಡದ ನೀರು ಕನ್ನಡಿಯಂತೆ ಶಾಂತವಾಗಿರುತ್ತದೆ, ಬಾವುಟವೂ ಹಸಿರಾಗಿರಬಹುದು. ಆದರೆ ಗಾಳಿ ತುಂಬಿದ ತೆಪ್ಪ, ಟ್ಯೂಬುಗಳ ಮೇಲೆ ಕುಳಿತವರನ್ನು ಅದೇ ಗಾಳಿ ಸದ್ದಿಲ್ಲದೆ ಒಳನೀರಿಗೆ ಒಯ್ಯುತ್ತದೆ. ಉತ್ತರದ ಗಾಳಿ ಕೆಲವು ದಿನ ಬಿಡದೆ ಬೀಸಿದರೆ ಮೇಲಿನ ಬೆಚ್ಚನೆಯ ನೀರು ದಡದಿಂದ ದೂರ ಸರಿದು, ಆಳದ ತಣ್ಣೀರು ಮೇಲೆ ಬರುತ್ತದೆ. ನಿನ್ನೆ ಹಿತವಾಗಿದ್ದ ಜಾಗದಲ್ಲಿ ಇಂದು ಕಾಲಿಡಲಾಗದು. ಈಜು ಬಾರದ ನಿಮ್ಮ ಇಬ್ಬರು ಗೆಳೆಯರಿಗೆ ಟ್ಯೂಬಿನ ಬದಲು ಲೈಫ್ ಜಾಕೆಟ್ ಕೊಡಿಸಿ, ನೀರಿನ ಆಸೆಯನ್ನು ಎಂಪೈರ್‌ಗೆ ದಕ್ಷಿಣದಲ್ಲಿರುವ ಪ್ಲಾಟ್ ನದಿಯಂಥ ಆಳವಿಲ್ಲದ ಹರಿವಿನಲ್ಲಿ ತೀರಿಸಿಕೊಳ್ಳಲಿ.

ಪ್ರಶ್ನೆ: ಸ್ಲೀಪಿಂಗ್ ಬೇರ್‌ನಲ್ಲಿ ದಿಬ್ಬದ ತುದಿಯಿಂದ ಸರೋವರದವರೆಗೆ ಓಡಿ ಇಳಿದು ಮತ್ತೆ ಹತ್ತುವುದು ಎಷ್ಟು ಕಷ್ಟ?

ಉತ್ತರ: ಯಾವ ದಿಬ್ಬ ಎಂಬುದರ ಮೇಲೆ ಉತ್ತರ ನಿಂತಿದೆ. 1970ರಲ್ಲಿ ರಾಷ್ಟ್ರೀಯ ಸರೋವರ ತೀರವೆಂದು ಘೋಷಿತವಾದ ಈ ಉದ್ಯಾನದಲ್ಲಿ ಜನ ಎರಡು ಜಾಗಗಳನ್ನು ಒಂದಕ್ಕೊಂದು ಬೆರೆಸಿಕೊಳ್ಳುತ್ತಾರೆ. ಡ್ಯೂನ್ ಕ್ಲೈಂಬ್ ಎಂಬಲ್ಲಿ ಹತ್ತುವುದಕ್ಕೆಂದೇ ಬಿಟ್ಟ ದಿಬ್ಬವಿದೆ. ಅದನ್ನು ಹತ್ತಿದರೆ ಕಾಣುವುದು ಹಿಂದಿನ ಗ್ಲೆನ್ ಸರೋವರವೇ ಹೊರತು ಮಿಷಿಗನ್ ಸರೋವರವಲ್ಲ. ಅಲ್ಲಿಂದ ಮಿಷಿಗನ್ ದಡಕ್ಕೆ ಹೋಗಿಬರುವ ದಾರಿ 5.6 ಕಿ.ಮೀ.; ಒಂದರ ಹಿಂದೊಂದು ದಿಬ್ಬ ಏರಿ ಇಳಿಯಬೇಕಾದ್ದರಿಂದ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ದಾರಿಯಲ್ಲಿ ನೆರಳೂ ಇಲ್ಲ, ಕುಡಿಯುವ ನೀರೂ ಇಲ್ಲ. ಬರಿಗಾಲಲ್ಲಿ ಹೊರಟವರು ಹನ್ನೊಂದು ಗಂಟೆಯ ಬಿಸಿಲಿಗೆ ಕಾದ ಮರಳಿನಲ್ಲಿ ಕುಣಿಯುತ್ತಾರೆ, ಆದ್ದರಿಂದ ಬೂಟು ಚೀಲದಲ್ಲಾದರೂ ಇರಲಿ.

ಇನ್ನೊಂದು, ಪಿಯರ್ಸ್ ಸ್ಟಾಕಿಂಗ್ ರಸ್ತೆಯ ವೀಕ್ಷಣಾ ಕಟ್ಟೆ. ಅಲ್ಲಿಂದ 137 ಮೀಟರ್ ಕೆಳಗೆ ನೇರ ನೀರು. ಇಳಿಯಲು ಕೆಲವೇ ನಿಮಿಷ, ಹತ್ತಲು ಕೆಲವರಿಗೆ ಎರಡು ಗಂಟೆ. ಇಟ್ಟ ಪ್ರತಿ ಹೆಜ್ಜೆಯೂ ಅರ್ಧ ಹಿಂದಕ್ಕೆ ಜಾರುತ್ತದೆ. ಕೆಳಗೆ ಸಿಕ್ಕಿಕೊಂಡು ರಕ್ಷಣೆಗೆ ಕರೆಸಿದರೆ ಸಾವಿರಾರು ಡಾಲರು ತೆರಬೇಕಾಗುತ್ತದೆಂದು ಅಲ್ಲಿ ಫಲಕವೇ ಇದೆ. ನಾನಾದರೆ ಇಳಿಯುವುದಿಲ್ಲ, ಇಳಿಯಿರೆಂದು ಯಾರಿಗೂ ಹೇಳುವುದೂ ಇಲ್ಲ. ಇಳಿಜಾರನ್ನು ತುಳಿದಷ್ಟೂ ಕಲ್ಲುಗಳು ಸಡಿಲಗೊಂಡು ಕೆಳಗಿರುವವರ ಮೇಲೆ ಉರುಳುತ್ತವೆ, ಕೊರೆತವೂ ಹೆಚ್ಚುತ್ತದೆ.

ಆ ಕಟ್ಟೆಯ ಮೇಲೆ ಕುಳಿತು ದೂರದ ಎರಡು ದ್ವೀಪಗಳನ್ನು ನೋಡುವಾಗ ನೆನೆಯಬೇಕಾದ ಕತೆಯೊಂದಿದೆ. ಅಲ್ಲಿಯ ಮೂಲನಿವಾಸಿಗಳಾದ ಅನಿಶಿನಾಬೆ ಜನರ ಕಥನದಂತೆ, ಎದುರು ದಡದ ಕಾಡಿಗೆ ಬೆಂಕಿ ಬಿದ್ದಾಗ ತಾಯಿ ಕರಡಿಯೊಂದು ಎರಡು ಮರಿಗಳೊಡನೆ ಸರೋವರವನ್ನು ಈಜತೊಡಗಿತು. ತಾಯಿ ದಡ ಸೇರಿ ಕಾದು ಕುಳಿತಿತು. ಮರಿಗಳು ದಡದ ಸನಿಹದಲ್ಲೇ ಮುಳುಗಿದವು. ಮರಿಗಳು ಉತ್ತರ ಮತ್ತು ದಕ್ಷಿಣ ಮ್ಯಾನಿಟೂ ದ್ವೀಪಗಳಾದವು, ಕಾಯುತ್ತ ಮಲಗಿದ ತಾಯಿ ದಿಬ್ಬವಾಯಿತು.

ಪ್ರಶ್ನೆ: ನನ್ನ ಅಪ್ಪ ಅಮ್ಮ ಇಬ್ಬರಿಗೂ ಮಂಡಿನೋವು. ಗೆಳೆಯರ ಕುಟುಂಬಗಳ ಜೊತೆ ಅವರನ್ನೂ ಕರೆದೊಯ್ದರೆ ಅವರು ಕಾರಿನಲ್ಲೇ ಕೂರಬೇಕಾಗುತ್ತದೆಯೇ?

ಉತ್ತರ: ಇಲ್ಲ. ಮೇಲೆ ಹೇಳಿದ ಪಿಯರ್ಸ್ ಸ್ಟಾಕಿಂಗ್ ರಸ್ತೆ ಹನ್ನೆರಡು ಕಿ.ಮೀ. ಸುತ್ತಿನದು, ಕಾರಿನಿಂದ ಇಳಿದು ಸ್ವಲ್ಪವೇ ನಡೆದರೆ ದಿಬ್ಬವೂ ನೀರೂ ಒಟ್ಟಿಗೆ ಕಾಣುವ ಕಟ್ಟೆಗಳು ಅಲ್ಲಿವೆ. ಮರಳಿನ ಮೇಲೆ ಸಾಗುವ, ಪಟ್ಟಿಚಕ್ರಗಳ ವಿದ್ಯುತ್ ಕುರ್ಚಿಗಳು ಈ ಉದ್ಯಾನದಲ್ಲೂ ಕೆಲವು ರಾಜ್ಯ ಉದ್ಯಾನಗಳಲ್ಲೂ ದೊರೆಯುತ್ತವೆ, ಮುಂಚಿತವಾಗಿ ಕಾದಿರಿಸಬೇಕು. ಲೀಲೆಂಡಿನ ಫಿಶ್‌ಟೌನ್‌ನಲ್ಲಿ ಮೀನುಗಾರರ ಹಳೆಯ ಮರದ ಗುಡಿಸಲುಗಳ ನಡುವೆ ಸಮತಟ್ಟಿನಲ್ಲಿ ಅಡ್ಡಾಡಬಹುದು.

ಹಿರಿಯರಿಗೆ ನಾನು ವಿಶೇಷವಾಗಿ ಹೇಳುವುದು ಲಡಿಂಗ್ಟನ್‌ನಿಂದ ವಿಸ್ಕಾನ್ಸಿನ್ನಿನ ಮ್ಯಾನಿಟವಾಕ್‌ಗೆ ಹೋಗುವ ಎಸ್.ಎಸ್. ಬ್ಯಾಜರ್ ಹಡಗನ್ನು. 1953ರಲ್ಲಿ ಸೇವೆಗೆ ಇಳಿದ ಈ ಹಡಗು ಇಂದಿಗೂ ಕಲ್ಲಿದ್ದಲಿನ ಉಗಿಯಿಂದ ನಡೆಯುತ್ತದೆ, ಕಾರುಗಳನ್ನೂ ಹೊತ್ತೊಯ್ಯುತ್ತದೆ, ಸುಮಾರು ನಾಲ್ಕು ಗಂಟೆಗಳಲ್ಲಿ ಸರೋವರ ದಾಟುತ್ತದೆ. ಮರಳುವಾಗ ಇದನ್ನು ಹಿಡಿದು ಮಿಲ್ವಾಕಿಯ ಮೇಲೆ ಶಿಕಾಗೊ ಸೇರಿದರೆ ಬಂದ ದಾರಿಯಲ್ಲೇ ಮತ್ತೆ ಸಾಗುವ ಬೇಸರವೂ ತಪ್ಪುತ್ತದೆ.

ಪ್ರಶ್ನೆ: ನಮ್ಮದು ನಾಲ್ಕೂ ಚಕ್ರಕ್ಕೆ ಬಲವಿರುವ ಎಸ್‌ಯುವಿ. ದಿಬ್ಬಗಳ ಮೇಲೆ ಓಡಿಸಬಹುದೇ?

ಉತ್ತರ: ಮೀಯರ್ಸ್ ಬಳಿಯ ಸಿಲ್ವರ್ ಲೇಕ್ ರಾಜ್ಯ ಉದ್ಯಾನದಲ್ಲಿ ಅದಕ್ಕೆಂದೇ ಗುರುತಿಸಿದ ಪ್ರದೇಶವಿದೆ, ಬೇರೆ ದಿಬ್ಬಗಳಲ್ಲಿ ನಿಷಿದ್ಧ. ಅಲ್ಲಿಗೂ ಪ್ರತ್ಯೇಕ ಪರವಾನಗಿ, ಎತ್ತರದ ಬಾವುಟ ಇತ್ಯಾದಿ ನಿಯಮಗಳಿವೆ. ಬಾಡಿಗೆಯ ಗಾಡಿಯಾದರೆ ಮರಳಿಗೆ ಇಳಿಸುವುದನ್ನು ಕರಾರು ಸಾಮಾನ್ಯವಾಗಿ ನಿಷೇಧಿಸಿರುತ್ತದೆ. ದಿಬ್ಬಗಳ ಮೇಲೆ ಜನರನ್ನು ಕೂರಿಸಿ ಸುತ್ತಾಡಿಸುವ ತೆರೆದ ವಾಹನಗಳು ಅಲ್ಲೂ ಸಾಗಟಕ್‌ನಲ್ಲೂ ಇವೆ. ಹಣವೂ ನೆಮ್ಮದಿಯೂ ಉಳಿಯುವುದು ಅದರಲ್ಲೇ.

ಪ್ರಶ್ನೆ: ಹವಳದ ಗುರುತುಳ್ಳ ಕಲ್ಲುಗಳು ದಡದಲ್ಲಿ ಸಿಗುತ್ತವಂತೆ. ಆರಿಸಿಕೊಳ್ಳಬಹುದೇ?

ಉತ್ತರ: ಪೆಟೊಸ್ಕಿ ಕಲ್ಲೆಂದು ಹೆಸರಾದ ಅದು ಸುಮಾರು 35 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಬೆಚ್ಚನೆಯ ಸಮುದ್ರದ ಹವಳದ ಪಳೆಯುಳಿಕೆ, 1965ರಿಂದ ಮಿಷಿಗನ್ನಿನ ರಾಜ್ಯಶಿಲೆ. ಒಣಗಿದಾಗ ಸಾಧಾರಣ ಬೂದುಗಲ್ಲಿನಂತೆ ಕಾಣುವುದರಿಂದ ನೀರಿನ ಅಂಚಿನಲ್ಲಿ ಒದ್ದೆ ಕಲ್ಲುಗಳ ನಡುವೆ ಹುಡುಕಬೇಕು. ಆಗ ಷಟ್ಕೋನಗಳ ಜಾಲ ಎದ್ದು ಕಾಣುತ್ತದೆ. ಸ್ಲೀಪಿಂಗ್ ಬೇರ್ ಉದ್ಯಾನದೊಳಗಿನಿಂದ ಒಂದು ಕಲ್ಲನ್ನೂ ಒಯ್ಯುವಂತಿಲ್ಲ. ರಾಜ್ಯದ ಸಾರ್ವಜನಿಕ ದಡಗಳಲ್ಲಿ ಒಬ್ಬರಿಗೆ ವರ್ಷಕ್ಕೆ 25 ಪೌಂಡ್, ಅಂದರೆ ಹನ್ನೊಂದು ಕಿಲೋ ಚಿಲ್ಲರೆಯಷ್ಟು ಮಿತಿಯಿದೆ.

ಪ್ರಶ್ನೆ: ಕೊಠಡಿಗಳನ್ನು ಎಷ್ಟು ಮೊದಲು ಕಾದಿರಿಸಬೇಕು?

ಉತ್ತರ: ಜುಲೈ ಮೊದಲ ವಾರವಾದರೆ ಚಳಿಗಾಲದಲ್ಲೇ. ಸ್ವಾತಂತ್ರ್ಯ ದಿನದ ರಜೆಯೂ ಟ್ರ್ಯಾವರ್ಸ್ ಸಿಟಿಯ ಚೆರ್ರಿ ಉತ್ಸವವೂ ಆಗಲೇ ಬರುವುದರಿಂದ ದರ ಏರಿರುತ್ತದೆ, ಜಾಗವೂ ಸಿಗದು. ಡೇರೆ ಹಾಕುವವರು ಮಿಷಿಗನ್ ರಾಜ್ಯ ಉದ್ಯಾನಗಳಲ್ಲಿ ಆರು ತಿಂಗಳು ಮೊದಲೇ ಸ್ಥಳ ಕಾದಿರಿಸಬಹುದು. ದಡದ ಸಮೀಪದ ಸ್ಥಳಗಳು ಬಹಳ ಬೇಗ ಮುಗಿಯುತ್ತವೆ. ದಿನಾಂಕ ನಿಮ್ಮ ಕೈಯಲ್ಲಿದ್ದರೆ ಜುಲೈ ಕೊನೆಯ ವಾರವನ್ನು ಆರಿಸಿಕೊಳ್ಳಿ: ನೀರು ಆ ಹೊತ್ತಿಗೆ ಬೆಚ್ಚಗಾಗಿರುತ್ತದೆ, ಉತ್ತರದ ತೋಟಗಳಲ್ಲಿ ಚೆರ್ರಿಯ ಕೊಯ್ಲೂ ನಡೆದಿರುತ್ತದೆ.